ದೊಡ್ಡಮ್ಮ ಎತ್ತಿ ನಿಲ್ಲಿಸಿದ ಫಲಕ

ನನ್ನ ಹುದ್ದೆಯ ಹೆಸರು ಕೇಳಿದರೆ ಹೆಣ್ಣು ಕೊಡುವವರು ಕುರ್ಚಿ ಬಿಟ್ಟು ಎದ್ದು ನಿಲ್ಲಬೇಕು: ಮಾನವ ಮೇಲ್ವಿಚಾರಕ. ಕೆಲಸ ಏನು ಎಂದು ಕೇಳಿದ ಮೇಲೆ ಅವರೇ ಮತ್ತೆ ಕೂತುಬಿಡುತ್ತಾರೆ. ಸಮ್ಮೇಳನ ಭವನದ ದೊಡ್ಡ ಸಭಾಂಗಣದ ಹಿಂದೆ, ಮೇಲ್ಗಡೆ, ಮೀನಿನ ತೊಟ್ಟಿಯಂಥ ಗಾಜಿನ ಕೋಣೆಯೊಂದಿದೆ. ಮೀನಿನ ಜಾಗದಲ್ಲಿ ನಾನಿದ್ದೇನೆ. ಎದುರಿಗೆ ಸಭೆಯ ಮೈಕುಗಳನ್ನೆಲ್ಲ ತಾನೇ ನಡೆಸುವ ಯಂತ್ರವಿದೆ. ಅದು ಕೆಲಸ ಮಾಡುತ್ತದೆ, ನಾನು ಅದನ್ನು ನೋಡುತ್ತೇನೆ. ಅದು ಹಾದಿ ತಪ್ಪಿದರೆ ನಿಲ್ಲಿಸಲಿ ಎಂದು ನನಗೊಂದು ಕೆಂಪು ಬಟನ್ ಕೊಟ್ಟಿದ್ದಾರೆ. ಬಟನ್ನಿನ ಮೇಲೆ ಪ್ಲಾಸ್ಟಿಕ್ ಮುಚ್ಚಳ, ಮುಚ್ಚಳದ ಮೇಲೆ ಕಂಪನಿಯ ಸೀಲು. ಮ್ಯಾನೇಜರ್ ಅಪ್ಪಣೆ ಇಲ್ಲದೆ ಸೀಲು ಕೀಳುವಂತಿಲ್ಲ. ಹೀಗಾಗಿ ನನ್ನ ಅಧಿಕಾರ ಶೋಕೇಸಿನಲ್ಲಿಟ್ಟ ಪಿಂಗಾಣಿ ಬಟ್ಟಲಿನ ಹಾಗೆ. ಬಂದವರಿಗೆ ತೋರಿಸಬಹುದು, ಅದರಲ್ಲಿ ಏನೂ ಕುಡಿಯುವಂತಿಲ್ಲ.

ಈ ಕೆಲಸ ಕೊಡಿಸಿದ್ದು ದೊಡ್ಡಮ್ಮ, ಅಂದರೆ ನನ್ನ ತಾಯಿಯ ಅಕ್ಕ. ಅಮ್ಮ ಆಸ್ಪತ್ರೆಯಲ್ಲಿ ಪಾಳಿಯ ಮೇಲೆ ಪಾಳಿ ಮಾಡುತ್ತಿದ್ದ ಕಾಲದಲ್ಲಿ ನನ್ನನ್ನು ಎತ್ತಿ ಆಡಿಸಿದವಳು, ಬೈದು ಉಣಿಸಿದವಳು. ಈ ಭವನ ಕಟ್ಟುವಾಗ ದೊಡ್ಡಮ್ಮ ಇಟ್ಟಿಗೆ ಹೊತ್ತಿದ್ದಳು. ಕಟ್ಟಿ ಮುಗಿದ ಮೇಲೆ ಜೊತೆಗೆ ಹೊತ್ತವರೆಲ್ಲ ಬೇರೆ ಕಟ್ಟಡ ಹುಡುಕಿಕೊಂಡು ಹೋದರು. ಇವಳು ಮಾತ್ರ ತಲೆಯ ಮೇಲಿನ ಸಿಂಬಿ ಇಳಿಸಿ, ಪೊರಕೆ ಹಿಡಿದು, ಒಳಗೇ ಉಳಿದುಬಿಟ್ಟಳು. ಈಗ ಶುಚಿ ಕೆಲಸದವರಿಗೆಲ್ಲ ಹಿರಿಯಳು. ಬೇರೆ ಮಹಡಿಗಳನ್ನು ಯಾರಿಗಾದರೂ ಹಂಚುತ್ತಾಳೆ, ಸಭಾಂಗಣವನ್ನು ಮಾತ್ರ ಯಾರ ಕೈಗೂ ಕೊಡುವವಳಲ್ಲ. ಅದರ ಬೀಗದ ಕೈ ಅವಳ ಸೊಂಟದಲ್ಲಿ ಇರುತ್ತದೆ. ನಡೆದರೆ ಕಿಣಿಕಿಣಿ ಎನ್ನುತ್ತದೆ. ಆ ಸದ್ದು ಕೇಳಿದರೆ ವಿಶ್ರಾಂತಿ ಕೋಣೆಯಲ್ಲಿ ಕಾಲು ಚಾಚಿದ ಕಾವಲುಗಾರರೂ ಕಾಲು ಮಡಚುತ್ತಾರೆ.

ದೊಡ್ಡಮ್ಮನಿಗೆ ಕೆಲಸ ಮಾಡುವಾಗ ಬಾಯಿ ಸುಮ್ಮನಿರುವುದಿಲ್ಲ. ಎದುರಿಗೆ ಮನುಷ್ಯರೇ ಇರಬೇಕೆಂಬ ಹಟವೂ ಇಲ್ಲ. ಲಿಫ್ಟ್ ತಡವಾದರೆ ಎಲ್ಲಿ ಹಾಳಾಗಿ ಹೋಗಿದ್ದೆ ಎಂದು ಕೇಳುತ್ತಾಳೆ. ತೊಟ್ಟಿಕ್ಕುವ ನಲ್ಲಿಗೆ, ಅತ್ತಿದ್ದು ಸಾಕು ಸುಮ್ಮನಾಗು ಎಂದು ಸಮಾಧಾನ ಹೇಳುತ್ತಾಳೆ. ಹೊಸ ಮೈಕ್ ಯಂತ್ರ ಬಂದ ದಿನ ಮೇಲೆ ಬಂದು ಅದನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, ಇಬ್ಬರಲ್ಲಿ ಯಾರು ಯಾರಿಗೆ ಸಂಬಳ ಕೊಡ್ತೀರಪ್ಪ ಎಂದು ಕೇಳಿ ಧೂಳು ಒರೆಸಿ ಹೋದಳು.

ಆ ತಿಂಗಳು ಸಭಾಂಗಣದಲ್ಲಿ ದೇಶದೇಶಗಳ ಪ್ರತಿನಿಧಿಗಳು ಸೇರಿದ್ದರು. ಯುದ್ಧದಲ್ಲಿ ಯಾರ ಮೇಲೆ ಗುಂಡು ಹಾರಿಸಬೇಕೆಂದು ತಾನೇ ಯೋಚಿಸುವ ಯಂತ್ರಗಳು ಬಂದಿವೆಯಲ್ಲ, ಅವುಗಳ ಮೂಗುದಾರ ಯಾರ ಕೈಯಲ್ಲಿರಬೇಕು, ಎಷ್ಟು ಬಿಗಿಯಾಗಿರಬೇಕು ಎಂಬ ಚರ್ಚೆ. ಮನುಷ್ಯನ ಹಿಡಿತ ಇರಲೇಬೇಕು ಎಂಬಲ್ಲಿಗೆ ಎಲ್ಲರೂ ಮೊದಲ ದಿನವೇ ಒಪ್ಪಿ ಕೈ ಕುಲುಕಿದರು. ಹಿಡಿತ ಅಂದರೇನು ಎಂಬಲ್ಲಿಗೆ ಬಂದಾಗ ಕುಲುಕಿದ ಕೈಗಳೆಲ್ಲ ಜೇಬಿಗೆ ಹೋದವು. ಮನುಷ್ಯ ಬಟನ್ ಒತ್ತಬೇಕೆ, ಪಕ್ಕದಲ್ಲಿ ಕೂತು ನೋಡಿದರೆ ಸಾಕೆ, ಅದೇ ಕಟ್ಟಡದಲ್ಲಿ ಇದ್ದರೂ ನಡೆಯುತ್ತದೆಯೆ? ಯಂತ್ರ ತಪ್ಪು ಮಾಡಿದರೆ ಉತ್ತರ ಕೊಡುವವರು ಯಾರು? ನಾನು ಹೆಡ್‌ಫೋನ್ ಹಾಕಿಕೊಂಡು ಬಿಸ್ಕತ್ತು ಕಡಿಯುತ್ತ ಎಲ್ಲ ಕೇಳುತ್ತಿದ್ದೆ. ಯಾರಾದರೂ ಮಾನವ ಮೇಲ್ವಿಚಾರಣೆ ಎಂದಾಗಲೆಲ್ಲ ನನ್ನ ಬಗ್ಗೆಯೇ ಹೇಳುತ್ತಿದ್ದಾರೇನೋ ಎಂದು ಬೆನ್ನು ನೆಟ್ಟಗೆ ಮಾಡಿ ಕೂರುತ್ತಿದ್ದೆ. ಪ್ರಪಂಚದ ಭಾರ ಹೊತ್ತ ಗತ್ತು, ಮಡಿಲ ತುಂಬ ಬಿಸ್ಕತ್ತಿನ ಪುಡಿ.

ಇಲ್ಲಿ ಸಭೆಯ ಎರಡು ರಿವಾಜುಗಳನ್ನು ಹೇಳಿಬಿಡಬೇಕು, ಮುಂದಿನದೆಲ್ಲ ಅವುಗಳ ಮೇಲೆಯೇ ನಿಂತಿದೆ. ಪ್ರತಿ ದೇಶದ ಮೇಜಿನ ಮೇಲೆ ಆ ದೇಶದ ಹೆಸರಿನ ಉದ್ದನೆಯ ಫಲಕ ಇರುತ್ತದೆ. ಮಾತಾಡಬೇಕು ಎನ್ನುವವರು ಕೈ ಎತ್ತುವುದಿಲ್ಲ, ಮಲಗಿದ ಫಲಕವನ್ನು ಎತ್ತಿ ನೆಟ್ಟಗೆ ನಿಲ್ಲಿಸುತ್ತಾರೆ. ಮೊದಲು ಅದನ್ನು ನೋಡಿ ಸರದಿ ಹೇಳಲು ಮನುಷ್ಯರಿದ್ದರು. ಈಗ ಚಾವಣಿಯ ಕ್ಯಾಮೆರಾ ನೋಡುತ್ತದೆ, ನಿಂತ ಫಲಕದ ಮೈಕನ್ನು ಯಂತ್ರ ತಾನೇ ತೆರೆಯುತ್ತದೆ, ಹೊತ್ತು ಮೀರಿದರೆ ತಾನೇ ಮುಚ್ಚುತ್ತದೆ. ಅಧ್ಯಕ್ಷೆ ಮರದ ಸುತ್ತಿಗೆ ಕುಟ್ಟಿದ ಸದ್ದು ಕೇಳಿಸಿದರೆ ಮಾತ್ರ ಸಭೆ ಮುಗಿಯಿತೆಂದು ಅದು ನಿದ್ದೆ ಹೋಗುತ್ತದೆ. ಇದು ಒಂದು. ಎರಡನೆಯದು, ಯಾವ ದೇಶದ ಮೈಕಿನಿಂದ ಏನು ಬಂದರೂ ಅದು ಆ ದೇಶದ ಹೇಳಿಕೆ. ಆ ದೇಶವೇ ಎದ್ದು ಹಿಂದಕ್ಕೆ ತೆಗೆದುಕೊಳ್ಳುವವರೆಗೆ ಅದು ದಾಖಲೆಯಲ್ಲಿ ನಿಲ್ಲುತ್ತದೆ.

ದೊಡ್ಡಮ್ಮನಿಗೂ ಒಂದು ರಿವಾಜಿತ್ತು. ಊಟದ ಬಿಡುವಿನಲ್ಲಿ ಮೇಜುಗಳನ್ನು ಒದ್ದೆ ಬಟ್ಟೆಯಿಂದ ಒರೆಸಿ, ಫಲಕಗಳನ್ನೂ ಒರೆಸಿ, ಆರಲಿ ಎಂದು ನೆಟ್ಟಗೆ ನಿಲ್ಲಿಸುತ್ತಿದ್ದಳು. ಮಲಗಿಸಿದರೆ ಪಾಲಿಶ್ ಮರದ ಮೇಲೆ ನೀರಿನ ಕಲೆ ಕೂರುತ್ತದೆ. ಮೊದಲಿಂದಲೂ ಅವಳು ಮಾಡಿಕೊಂಡು ಬಂದದ್ದೇ ಹೀಗೆ.

ಆವತ್ತು ಯಾರು ಉತ್ತರ ಕೊಡಬೇಕು ಎಂಬ ಪ್ಯಾರಾದ ಮೇಲೆ ಬೆಳಗಿನಿಂದ ಜಟಾಪಟಿ. ಅತಿ ದೊಡ್ಡ ದೇಶ ಮತ್ತು ಅದರ ಆಜನ್ಮ ವೈರಿ ದೇಶ ಅಕ್ಷರಮಾಲೆಯ ಕೃಪೆಯಿಂದ ಅಕ್ಕಪಕ್ಕ ಕೂತಿದ್ದವು. ಒಬ್ಬರು ಮೇಜಿನ ಅಡಿಯಲ್ಲಿ ಏನೋ ಬಚ್ಚಿಟ್ಟಿದ್ದಾರೆ ಎಂಬಂತೆ ಇನ್ನೊಬ್ಬರು ಮಾತಾಡುತ್ತಿದ್ದರು. ಅಧ್ಯಕ್ಷೆ ಬಿಳಿಗೂದಲಿನ ತಾಳ್ಮೆಯ ಹೆಂಗಸು. ಆ ತಾಳ್ಮೆಯೂ ಹಸಿವಿನ ಮುಂದೆ ಸೋತು, ಊಟ ಮಾಡಿ ಬಂದು ಜಗಳಾಡೋಣ ಎಂದು ಎದ್ದು ನಡೆದೇಬಿಟ್ಟರು. ಸುತ್ತಿಗೆ ಕುಟ್ಟಲಿಲ್ಲ. ಸಭಾಂಗಣ ಖಾಲಿಯಾಯಿತು. ಯಂತ್ರದ ಪಾಲಿಗೆ ಸಭೆ ನಡೆಯುತ್ತಲೇ ಇತ್ತು.

ಕಿಣಿಕಿಣಿ ಎಂದು ದೊಡ್ಡಮ್ಮ ಬಂದಳು. ದೊಡ್ಡ ದೇಶದ ಮೇಜು ಒರೆಸಿ, ಫಲಕ ಎತ್ತಿ ನಿಲ್ಲಿಸಿದಳು. ನನ್ನ ಮುಂದೆ ಹಸಿರು ದೀಪ ಹತ್ತಿತು.

"ಬಾರಪ್ಪ ದೊಡ್ಡ ಮನುಷ್ಯ," ಎಂದು ದೊಡ್ಡಮ್ಮ ಫಲಕದ ಜೊತೆ ಮಾತಿಗೆ ಶುರುವಿಟ್ಟಳು. "ಅಂಗಿ ನೋಡಿದ್ರೆ ಹಾಲು, ಮೇಜಿನ ಅಡಿ ನೋಡಿದ್ರೆ ಕೊಳಕು. ಅಡಿಗೆ ಅಂಟಿಸಿಬಿಟ್ರೆ ಯಾರಿಗೂ ಕಾಣಲ್ಲ ಅಂದ್ಕೊಂಡಿದ್ದೀಯಾ? ನಂಗೆ ಎಲ್ಲಾ ಕಾಣುತ್ತೆ."

ಅಂಟಿಸಿದ್ದು ಚೂಯಿಂಗ್ ಗಮ್. ಆದರೆ ಆ ಎರಡು ಪದ ಅವಳು ಹೇಳಲಿಲ್ಲ, ಗೊತ್ತಿರುವ ವಿಷಯ ಎಂದು ಬಿಟ್ಟಳು. ಊಟದ ಹಾಲಿನಲ್ಲಿ ಸ್ಪೀಕರ್‌ಗಳಿದ್ದವು, ತಿನ್ನುವಾಗಲೂ ಯಾರೂ ಚರ್ಚೆ ತಪ್ಪಿಸಿಕೊಳ್ಳಬಾರದಲ್ಲ. ಅನುವಾದಕರು ತಮ್ಮ ಪುಟ್ಟ ಕೋಣೆಗಳಲ್ಲೇ ಡಬ್ಬಿ ಬಿಚ್ಚಿ ಕೂತಿದ್ದರು. ನಮ್ಮ ಭಾಷೆಯ ಅನುವಾದಕಿಯನ್ನು ಎಲ್ಲರೂ ಗಿಣಿಯಕ್ಕ ಎನ್ನುತ್ತಾರೆ. ಕಿವಿಗೆ ದನಿ ಬಿದ್ದರೆ ನನ್ನ ಬಾಯಿ ತಾನೇ ತೆರೆಯುತ್ತೆ ಕಣೋ, ಹೊಟ್ಟೆಯನ್ನ ಕೇಳಲ್ಲ ಎಂದು ಆಮೇಲೆ ಹೇಳಿದಳು. ತುತ್ತು ಒಂದು ದವಡೆಗೆ ತಳ್ಳಿ ಅವಳು ಶುರುಮಾಡಿದಳು, ಅವಳಿಂದ ಕೇಳಿ ಮಿಕ್ಕ ಕೋಣೆಗಳವರೂ ಶುರುಮಾಡಿದರು. ದೊಡ್ಡ ದೇಶ ತನ್ನ ಅಧಿಕೃತ ಮೈಕಿನಿಂದ, ಬಚ್ಚಿಟ್ಟದ್ದು ಯಾರಿಗೂ ಕಾಣದು ಎಂದುಕೊಂಡೆಯಾ, ನನಗೆಲ್ಲ ಕಾಣುತ್ತದೆ ಎಂದು ಘೋಷಿಸಿತು. ಊಟದ ಹಾಲಿನಲ್ಲಿ ವೈರಿ ದೇಶದ ಪ್ರತಿನಿಧಿಯ ಫೋರ್ಕು ಬಾಯಿಯ ಹತ್ತಿರವೇ ನಿಂತಿತಂತೆ.

ಅಷ್ಟರಲ್ಲಿ ದೊಡ್ಡಮ್ಮ ವೈರಿ ದೇಶದ ಫಲಕ ನಿಲ್ಲಿಸಿದ್ದಳು. ಯಂತ್ರ ಹಿಂದಿನ ಮೈಕು ಮುಚ್ಚಿ ಇದನ್ನು ತೆರೆಯಿತು.

"ನೀನೇನು ಕಮ್ಮಿನಾ? ಅವನು ಒಂದು ಅಂಟಿಸಿದ್ರೆ ನೀನು ಅದರ ಪಕ್ಕದಲ್ಲೇ ಎರಡು ಅಂಟಿಸ್ತೀಯ. ಇಬ್ರಿಗೂ ಹೇಳೋರು ಕೇಳೋರು ಇಲ್ಲ."

ನಾನು ಮ್ಯಾನೇಜರಿಗೆ ಫೋನ್ ಮಾಡಿದೆ. ಆತನನ್ನು ನಾವು ಇಸ್ತ್ರಿ ಎನ್ನುತ್ತೇವೆ, ಶರಟಿನಲ್ಲಾಗಲಿ ಮುಖದಲ್ಲಾಗಲಿ ಒಂದು ಮಡಿಕೆ ಕಂಡವರಿಲ್ಲ. ಮೈಕುಗಳು ಆನ್ ಆಗಿವೆ ಸಾರ್, ಸೀಲು ಕೀಳಲೇ ಎಂದೆ. ಯಂತ್ರ ಆನ್ ಮಾಡಿದೆ ಎಂದರೆ ಕಾರಣ ಇರುತ್ತದೆ, ಮುಟ್ಟಬೇಡ ಎಂದು ಫೋನ್ ಇಟ್ಟರು. ಬಡಿಸುವ ಸಾಲಿನಲ್ಲಿ ತಟ್ಟೆ ಹಿಡಿದು ನಿಂತಿದ್ದರಂತೆ. ನಾನು ಗಾಜು ಬಡಿದೆ. ಎರಡೂ ಕೈ ಬೀಸಿದೆ. ಬಾಯಿ ಮುಚ್ಚಿಕೋ ಎಂದು ತುಟಿಯ ಮೇಲೆ ಬೆರಳಿಟ್ಟು ತೋರಿಸಿದೆ. ದೊಡ್ಡಮ್ಮ ತಲೆಯೆತ್ತಿ ನೋಡಿದಳು. ಅವಳ ಕೈ ಆಗ ನಕ್ಷೆಯಲ್ಲಿ ಚುಕ್ಕಿಯಷ್ಟಿರುವ ಒಂದು ದ್ವೀಪದೇಶದ ಫಲಕ ನಿಲ್ಲಿಸುತ್ತಿತ್ತು.

"ಏನೋ ಅದು, ಮೇಲೆ ನಿಂತ್ಕೊಂಡು ಕೋತಿ ಹಾಗೆ ಕುಣಿಯೋದು? ಹಸಿವಾಯ್ತಾ? ಡಬ್ಬಿ ಮೆಟ್ಟಿಲ ಕೆಳಗೆ ಇಟ್ಟಿದ್ದೀನಿ, ಬಂದು ತಿನ್ನು. ಬರೀ ಬಿಸ್ಕತ್ತು ತಿಂದು ತಿಂದು ಮುಖ ನೋಡು, ಹೇಗಾಗಿದೆ."

ಹೀಗೆ ನನ್ನ ಮುಖದ ಸ್ಥಿತಿ ದ್ವೀಪದೇಶದ ಅಧಿಕೃತ ನಿಲುವಾಗಿ ಪ್ರಪಂಚದ ಮುಖ್ಯ ಭಾಷೆಗಳಲ್ಲೆಲ್ಲ ಪ್ರಸಾರವಾಯಿತು. ನಾನು ಮೆಟ್ಟಿಲಿಳಿದು ಓಡಿದೆ. ಕೆಳಗೆ ಮುಟ್ಟುವಷ್ಟರಲ್ಲಿ ಸಾಲು ಪೂರ್ತಿ ಎದ್ದು ನಿಂತಿತ್ತು. ತಟಸ್ಥ ದೇಶವೊಂದು, ನೀನು ಪಾಪ ಏನೂ ಮಾಡಲ್ಲ, ಅದಕ್ಕೇ ನಿನ್ನ ಮೇಜು ಇಷ್ಟು ಹೊಳೆಯುತ್ತೆ ಎಂದು ತನ್ನ ಬಗ್ಗೆ ತಾನೇ ಹೇಳಿಕೆ ಕೊಟ್ಟು ಮುಗಿಸಿತ್ತು. ನಾನು ಮೈಕಿನ ಮೇಲೆ ಕೈಮುಚ್ಚಿ, ಆಡಿದ್ದೆಲ್ಲ ಹೊರಗೆ ಕೇಳಿಸುತ್ತಿದೆ ಎಂದು ಪಿಸುಗುಟ್ಟಿದೆ.

ದೊಡ್ಡಮ್ಮ ಮೊದಲು ನಕ್ಕಳು. ಆಮೇಲೆ ಬಾಯಿಗೆ ಬಟ್ಟೆ ಹಿಡಿದಳು. "ಅಡಿಗೆ ಅಂಟಿಸಿದ್ದೂ ಕೇಳಿಸ್ತಾ?"

"ಅದೇ ಮೊದ್ಲು ಕೇಳಿಸ್ತು ದೊಡ್ಡಮ್ಮ."

"ಹೋಗ್ಲಿ ಬಿಡು. ನೇರವಾಗಿ ಹೇಳೋಕೆ ನಂಗೂ ಸಂಕೋಚ ಆಗ್ತಿತ್ತು."

ಆ ನಗು ಇಸ್ತ್ರಿ ಬರುವವರೆಗೆ ಬಾಳಿತು. ಮೊದಲ ಸಲ ಆತನ ಮುಖದಲ್ಲಿ ಮಡಿಕೆ ಕಂಡೆ. ಯಂತ್ರದ್ದು ಯಾವ ತಪ್ಪೂ ಇಲ್ಲ, ಫಲಕ ನಿಂತಿತ್ತು, ಅದು ಮೈಕು ಕೊಟ್ಟಿತು, ತಪ್ಪು ಮನುಷ್ಯರದು ಎಂದರು. ಮನುಷ್ಯರು ಎಂದಾಗ ಅವರ ಬೆರಳು ಒಬ್ಬಳ ಕಡೆಗೇ ಇತ್ತು. ನಾಳೆಯಿಂದ ದೊಡ್ಡಮ್ಮನ ಕೆಲಸ ನೆಲಮಾಳಿಗೆಯ ಪಾರ್ಕಿಂಗಿನಲ್ಲಿ, ಸಭಾಂಗಣದ ಹತ್ತಿರ ಸುಳಿಯುವಂತಿಲ್ಲ. ಕೈ ಚಾಚಿ ಬೀಗದ ಕೈ ಕೇಳಿದರು. ದೊಡ್ಡಮ್ಮ ಸೊಂಟದಿಂದ ಬಿಚ್ಚಿ ಕೊಟ್ಟಳು. ಆಮೇಲೆ ಒಣಗಿದ ಮೇಜನ್ನೇ ಮತ್ತೆ ಒರೆಸತೊಡಗಿದಳು. ಏನೂ ಬೈಯದೆ ಅವಳು ಕೆಲಸ ಮಾಡಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಅಲ್ಲಿಂದ ಬಾಗಿಲಿನ ತನಕ ನಡೆದಳು, ಕಿಣಿಕಿಣಿ ಇರಲಿಲ್ಲ.

ಮಧ್ಯಾಹ್ನದ ಸಭೆ ಎಂದರೆ ಮಕ್ಕಳ ಶಾಲೆಯ ಜಗಳಕ್ಕೆ ಸೂಟು ತೊಡಿಸಿದಂತಿತ್ತು. ಎಲ್ಲ ದೇಶಗಳೂ ತಮ್ಮ ಹೇಳಿಕೆ ಹಿಂದಕ್ಕೆ ತೆಗೆದುಕೊಳ್ಳಬೇಕು. ತೆಗೆದುಕೊಳ್ಳಲು ಎಲ್ಲರೂ ಸಿದ್ಧ, ಮೊದಲು ತೆಗೆದುಕೊಳ್ಳಲು ಯಾರೂ ಸಿದ್ಧರಿಲ್ಲ. ದೊಡ್ಡ ದೇಶ ಪಕ್ಕದವರು ತೆಗೆದರೆ ನಾವೂ ತೆಗೆಯುತ್ತೇವೆ ಎಂದಿತು. ಪಕ್ಕದವರು, ಅವರು ತೆಗೆದದ್ದನ್ನು ನಮ್ಮ ತಜ್ಞರು ಪರಿಶೀಲಿಸಿದ ಮೇಲೆ ನೋಡೋಣ ಎಂದರು. ಇಬ್ಬರೂ ಒಂದೇ ಕ್ಷಣಕ್ಕೆ ತೆಗೆಯಿರಿ ಎಂದು ಮೂರನೆಯವರು ಸೂಚಿಸಿದರೆ, ಆ ಕ್ಷಣವನ್ನು ಯಾರ ಗಡಿಯಾರದಲ್ಲಿ ನೋಡುವುದು ಎಂದು ನಾಲ್ಕನೆಯವರು ಕೇಳಿದರು. ದ್ವೀಪದೇಶದ ಮುದುಕ ಮಾತ್ರ ಎದ್ದು, ಆ ಹುಡುಗ ಊಟ ಮಾಡಿದನೇ ಎಂದು ವಿಚಾರಿಸಿ ಕೂತರು.

ಕೊನೆಗೆ ಅಧ್ಯಕ್ಷೆ ಇಸ್ತ್ರಿಯನ್ನು ಕರೆದು ವರದಿ ಕೇಳಿದರು. ಯಂತ್ರ ನಿರ್ದೋಷಿ ಎಂದು ಇಸ್ತ್ರಿ ಹೇಳಿದರು. ಬೇಕಾದರೆ ನಿಲ್ಲಿಸಲು ಮೇಲೆ ಮನುಷ್ಯನೊಬ್ಬ ಬಟನ್ ಸಮೇತ ಸದಾ ಕಾವಲಿರುತ್ತಾನೆ ಎಂದೂ ಸೇರಿಸಿದರು. ಎಲ್ಲರೂ ತಿರುಗಿ ಮೇಲೆ ಗಾಜಿನ ಕೋಣೆಗೆ ಮರಳಿದ್ದ ನನ್ನನ್ನು ನೋಡಿದರು. ಏನು ಮಾಡಬೇಕೆಂದು ತೋಚದೆ ಕೈ ಬೀಸಿದೆ. ಅಧ್ಯಕ್ಷೆ ಒಂದು ವಾಕ್ಯ ಬರೆಸಿ ಓದಿದರು: ಶುಚಿ ಕೆಲಸದವಳ ತಪ್ಪಿನಿಂದ ಈ ಮಾತುಗಳು ದಾಖಲಾದವು, ಆದ್ದರಿಂದ ಅವೆಲ್ಲ ರದ್ದು. ಸಭಾಂಗಣಕ್ಕೆ ಜೀವ ಬಂತು. ಯಾರೂ ಮೊದಲು ಹಿಂದೆ ಸರಿಯಬೇಕಿಲ್ಲ, ತಪ್ಪು ಮನೆಯ ಹೊರಗಿನವಳದು. ಯಾರೂ ಫಲಕ ಎತ್ತದಿದ್ದರೆ ಒಪ್ಪಿದಂತೆ. ಯಾರೂ ಎತ್ತುವವರಿರಲಿಲ್ಲ. ಸುತ್ತಿಗೆ ಮೇಲೆ ಹೋಯಿತು.

ಹಿಂದಿನ ಸಾಲಿನಲ್ಲಿ ಒಂದು ಮೇಜು ಮೊದಲ ದಿನದಿಂದಲೂ ಖಾಲಿ ಇತ್ತು. ಆ ದೇಶದವರು ಬರಲೇ ಇಲ್ಲ. ವಿಮಾನ ತಪ್ಪಿತು ಎನ್ನುವವರಿದ್ದರು, ಮರೆತಿದ್ದಾರೆ ಎನ್ನುವವರೂ ಇದ್ದರು. ದೊಡ್ಡಮ್ಮ ಮಾತ್ರ ಆ ಮೇಜನ್ನೂ ದಿನಾ ಒರೆಸುತ್ತಿದ್ದಳು. ಬಾಗಿಲ ಬಳಿ ನಿಂತು ಗಿಣಿಯಕ್ಕನ ಅನುವಾದ ಕೇಳಿಸಿಕೊಂಡವಳು ಈಗ ನೇರ ಅಲ್ಲಿಗೆ ನಡೆದು, ಫಲಕ ಎತ್ತಿ ನಿಲ್ಲಿಸಿದಳು.

ಯಂತ್ರಕ್ಕೆ ಮುಖ ಗೊತ್ತಿಲ್ಲ, ಫಲಕ ಗೊತ್ತು. ಹಸಿರು ದೀಪ ಹತ್ತಿತು.

"ಬೋರ್ಡು ನಿಲ್ಸಿದ್ದು ನಾನೇ," ಎಂದಳು ದೊಡ್ಡಮ್ಮ. ಎಲ್ಲ ಸ್ಪೀಕರ್‌ಗಳಲ್ಲೂ ಅವಳ ದನಿ. "ಬೈದಿದ್ದೂ ನಾನೇ, ಇಲ್ಲ ಅನ್ನಲ್ಲ. ಆದ್ರೆ ಖಾಲಿ ಮನೇಲಿ ಬೈದ್ರೆ ಯಾರಿಗೆ ನಷ್ಟ? ಅದನ್ನ ಊರಿಗೆಲ್ಲಾ ಕೇಳಿಸಿದ್ದು ನಾನಲ್ಲ. ನನ್ ಕೀ ಕಿತ್ಕೊಂಡ್ರಲ್ಲ, ಅದನ್ನ—"

ಪರದೆಯ ಮೇಲೆ ಅವಳ ಸಮಯ ಕರಗುತ್ತಿತ್ತು. ಈಗ ಯಂತ್ರ ಮೈಕು ಮುಚ್ಚುತ್ತದೆ, ಸುತ್ತಿಗೆ ಬೀಳುತ್ತದೆ, ದೊಡ್ಡಮ್ಮ ನೆಲಮಾಳಿಗೆಗೆ ಹೋಗುತ್ತಾಳೆ. ಯಂತ್ರ ನಿಂತರೆ ಮೈಕು ತೆರೆದೇ ಉಳಿಯುತ್ತದೆ ಎಂದು ನಾನು ಸೀಲಿಗೆ ಕೈಹಾಕಿದೆ. ಧೈರ್ಯದಿಂದ ಎಂದು ಹೇಳಿಕೊಳ್ಳಬಹುದು, ಆದರೆ ರಾತ್ರಿ ಮನೆಗೆ ಹೋದರೆ ಅಮ್ಮನ ಮುಖ ಹೇಗೆ ನೋಡುವುದು ಎಂಬ ದಿಗಿಲೇ ಹೆಚ್ಚಿತ್ತು. ಉಗುರು ಸಾಲಲಿಲ್ಲ, ಹಲ್ಲು ಹಾಕಿದೆ. ಮುಚ್ಚಳ ತೆಗೆದು ಒತ್ತಿದೆ. ಏನೂ ಆಗಲಿಲ್ಲ. ಪರಿಚಯದವರ ಮನೆಯ ಕಾಲಿಂಗ್ ಬೆಲ್ ಒತ್ತುವ ಹಾಗೆ ಮತ್ತೆ ಮತ್ತೆ ಒತ್ತಿದೆ. ಅಷ್ಟರಲ್ಲಿ ಅವಳ ಸಮಯ ಮುಗಿದು ಮೈಕು ಮುಚ್ಚಿಹೋಯಿತು. ಸಿಟ್ಟಿಗೆ ಹಿಡಿದು ಎಳೆದೆ, ಬಟನ್ ಇಡಿಯಾಗಿ ಕೈಗೆ ಬಂತು. ಕೆಳಗೆ ಒಂದು ತೂತು, ಒಂದಿಷ್ಟು ಧೂಳು, ಒಂದು ಸತ್ತ ಸೊಳ್ಳೆ. ಇಷ್ಟು ದಿನ ಪ್ರಪಂಚದ ಪರವಾಗಿ ನಾನು ಕಾವಲು ಕಾದದ್ದು ಈ ಸೊಳ್ಳೆಯ ಸಮಾಧಿಯನ್ನು.

ಕೆಳಗೆ ದೊಡ್ಡಮ್ಮ ಸತ್ತ ಮೈಕನ್ನು ಒಮ್ಮೆ ನೋಡಿದಳು. ಫಲಕ ಮಲಗಿಸಿದಳು. ಮತ್ತೆ ಎತ್ತಿ ನಿಲ್ಲಿಸಿದಳು. ಯಂತ್ರ ವಿನಯದಿಂದ ಹೊಸ ಸರದಿ ಕೊಟ್ಟಿತು. ನಾನು ಬಟನ್ ಹಿಡಿದು, ಏದುಸಿರು ಬಿಡುತ್ತ ಅವಳ ಪಕ್ಕ ಹೋಗಿ ನಿಂತೆ.

"ಅದೇನೋ ಕೈಯಲ್ಲಿ?"

"ಬಟನ್ನು ದೊಡ್ಡಮ್ಮ. ಯಂತ್ರ ನಿಲ್ಸೋ ಬಟನ್ನು."

"ನಿಲ್ಸು ಮತ್ತೆ."

"ನಿಲ್ಲಲ್ಲ. ಇದಕ್ಕೆ ವೈರೇ ಇಲ್ಲ."

ಗಿಣಿಯಕ್ಕ ಅದನ್ನು ಅನುವಾದಿಸಿದಳು. ಬಲಗಡೆ ಸಾಲಿನಲ್ಲಿ ನಗು ಎದ್ದಿತು. ಮುಂದಿನ ಕೋಣೆಯವರು ಅನುವಾದಿಸಿದರು, ನಡುವಿನ ಸಾಲು ನಕ್ಕಿತು. ಒಂದೊಂದೇ ಭಾಷೆ ಮುಗಿದಂತೆ ನಗು ಸಭಾಂಗಣದ ಸುತ್ತ ಪ್ರದಕ್ಷಿಣೆ ಬಂತು. ನಿಂತದ್ದೂ ಅದೇ ಸರದಿಯಲ್ಲಿ. ನಕ್ಕವರಿಗೆಲ್ಲ ಏನೋ ನೆನಪಾದಂತಿತ್ತು. ದೊಡ್ಡ ದೇಶ ಕೆಮ್ಮಿತು, ವೈರಿ ದೇಶ ತನ್ನ ಬೂಟು ನೋಡಿಕೊಂಡಿತು. ಅವರವರ ಮನೆಯಲ್ಲಿ ಎಂಥೆಂಥ ಬಟನ್ನುಗಳಿವೆಯೋ, ಅವರವರಿಗೇ ಗೊತ್ತು.

ಇದೇನು ಎಂದು ಅಧ್ಯಕ್ಷೆ ಇಸ್ತ್ರಿಯನ್ನು ಕೇಳಿದರು. ಇಸ್ತ್ರಿ ಗಂಟಲು ಸರಿಮಾಡಿಕೊಂಡು, ನೋಡಿದವರಿಗೆ ಧೈರ್ಯ ಇರಲಿ ಎಂದು ಇಟ್ಟಿದ್ದು ಎಂದರು.

ಅಧ್ಯಕ್ಷೆ ಪೆನ್ನು ತೆಗೆದು ತಮ್ಮ ವಾಕ್ಯವನ್ನು ತಾವೇ ಹೊಡೆದುಹಾಕಿ ಹೊಸದನ್ನು ಬರೆದರು: ಯಾರಿಂದಲೂ ನಿಲ್ಲಿಸಲಾಗದ ಯಂತ್ರ ಊಟದ ಹೊತ್ತಿನಲ್ಲಿ ಹೊರಗೆಡಹಿದ ಮಾತು ಯಾವ ದೇಶದ ಮಾತೂ ಅಲ್ಲ, ಅದಕ್ಕೆ ಉತ್ತರ ಕೊಡಬೇಕಾದವರು ಅದನ್ನು ತಂದು ಇಟ್ಟವರು, ಮೇಜು ಒರೆಸಿದವರಲ್ಲ. ಆಕ್ಷೇಪಣೆ ಇದೆಯೇ ಎಂದು ಸುತ್ತ ನೋಡಿದರು. ದೊಡ್ಡ ದೇಶದ ಫಲಕ ಮಲಗಿತ್ತು. ವೈರಿ ದೇಶದ್ದೂ ಮಲಗಿತ್ತು. ಒಂದೇ ಒಂದು ನಿಂತಿತ್ತು.

"ಅಲ್ಲಿ ಆಕ್ಷೇಪಣೆ ಇದೆಯೇ?" ಅಧ್ಯಕ್ಷೆ ಹಿಂದಿನ ಸಾಲಿನತ್ತ ನೋಡಿ ಕೇಳಿದರು.

ದೊಡ್ಡಮ್ಮ ಯೋಚಿಸಿದಳು. "ನನ್ ಕೀ ಕೊಡ್ಬೇಕು. ಗಮ್ ಅವರವರೇ ಕೆರೀಬೇಕು. ಅಷ್ಟೇ."

ಇಸ್ತ್ರಿಯ ಕೈ ಯಾರೂ ಹೇಳದೆಯೇ ಜೇಬಿಗೆ ಹೋಯಿತು. ಕೀ ಕೈಯಿಂದ ಕೈಗೆ ದಾಟಿ ಹಿಂದಿನ ಸಾಲಿಗೆ ಬಂತು. ದಾಟಿಸಿದವರಲ್ಲಿ ಇಬ್ಬರು ವೈರಿಗಳೂ ಇದ್ದರು. ದೊಡ್ಡಮ್ಮ ಅದನ್ನು ಸೊಂಟಕ್ಕೆ ಸಿಕ್ಕಿಸಿ, ಒಮ್ಮೆ ಅಲ್ಲಾಡಿಸಿ ಸದ್ದು ಪರೀಕ್ಷಿಸಿ, ಫಲಕ ಮಲಗಿಸಿದಳು. ಸುತ್ತಿಗೆ ಬಿತ್ತು.

ಇಡೀ ಸಮ್ಮೇಳನದಲ್ಲಿ ಎಲ್ಲ ದೇಶಗಳೂ ಒಪ್ಪಿದ ವಾಕ್ಯ ಅದೊಂದೇ. ಆಯುಧಗಳ ಪ್ಯಾರಾ ಇದ್ದಲ್ಲೇ ಇದೆ, ಇನ್ನೊಂದು ಊರಿನ ಇನ್ನೊಂದು ಸಭಾಂಗಣಕ್ಕೆ ಹೋಗಿದೆ. ಅಲ್ಲಿ ಮೇಜು ಒರೆಸುವವರು ಯಾರೋ ಏನೋ. ದೊಡ್ಡಮ್ಮನ ಎರಡನೇ ಸರದಿಯಲ್ಲಿ ನಾನಾಡಿದ ಮಾತು ಮಾತ್ರ ಆ ವಾಕ್ಯದ ರದ್ದಿಗೆ ಸಿಗಲಿಲ್ಲ, ಅದು ಊಟದ ಹೊತ್ತಿನದಲ್ಲವಲ್ಲ. ಹಾಗಾಗಿ ಬಾರದೇ ಇದ್ದ ಆ ದೇಶದ ಅಧಿಕೃತ ಹೇಳಿಕೆಯಾಗಿ ಇವತ್ತಿಗೂ ದಾಖಲೆಯಲ್ಲಿದೆ: ಇದಕ್ಕೆ ವೈರೇ ಇಲ್ಲ. ಅವರಿನ್ನೂ ಹಿಂದಕ್ಕೆ ತೆಗೆದುಕೊಂಡಿಲ್ಲ.

ನನ್ನ ಬಟನ್ನಿಗೆ ಈಗ ವೈರ್ ಇದೆ. ಎಳೆದು ನೋಡಿದ್ದೇನೆ. ಸೀಲಿಲ್ಲ, ಮುಚ್ಚಳವಿಲ್ಲ, ಒತ್ತಿದರೆ ಯಂತ್ರ ಸುಮ್ಮನಾಗುತ್ತದೆ, ಮೈಕುಗಳೆಲ್ಲ ನನ್ನ ಕೈಗೆ ಬರುತ್ತವೆ. ಊಟದ ಬಿಡುವಾದ ಕೂಡಲೇ ಒತ್ತುತ್ತೇನೆ, ಅದೇ ನನ್ನ ಇಡೀ ದಿನದ ಶೌರ್ಯ. ಕೆಳಗೆ ಕಿಣಿಕಿಣಿ ಕೇಳುತ್ತದೆ. ದೊಡ್ಡಮ್ಮ ಸಾಲು ಪೂರ್ತಿ ಒರೆಸಿ, ಬೈದು ಮುಗಿಸಿ, ಕಡೆಗೊಂದು ಫಲಕ ಎತ್ತಿ ನಿಲ್ಲಿಸಿ ಸೊಂಟದ ಮೇಲೆ ಕೈಯಿಟ್ಟು ಮೇಲೆ ನೋಡುತ್ತಾಳೆ. ನಾನು ಊಟದ ಹಾಲಿನ ಸ್ಪೀಕರ್ ಬಂದ್ ಆಗಿದೆಯೇ ಎಂದು ನೋಡಿಕೊಂಡು, ನನ್ನ ಬೆರಳಿನಿಂದಲೇ ಅವಳ ಮೈಕು ತೆರೆಯುತ್ತೇನೆ.

"ಏನಪ್ಪಾ ಮೇಲಿನವ್ನೇ, ಊಟಕ್ಕೆ ಇಳೀತೀಯೋ, ಇನ್ನೂ ಮೇಲ್ವಿಚಾರಣೆ ಬಾಕಿ ಇದ್ಯೋ?"

ಇಳಿಯುತ್ತೇನೆ.